ಹಾರ್ನಿಮನ್ ಸರ್ಕಲ್ಲಿನ ಹಸಿರಿನಲ್ಲಿ ನಮ್ಮದೂ ಒಂದು ಪಾಲು



ಮುಂಬೈಯ ಫೋರ್ಟ್ ಕಡೆಗೆ ಓಡಾಟ ಇರುವವರಿಗೆ ಹಾರ್ನಿಮನ್ ಸರ್ಕಲ್ ಹೊಸ ಜಾಗವೇನಲ್ಲ. ಬ್ಯಾಂಕಿಗೆಂದೋ, ಶೇರು ಪೇಟೆಗೆಂದೋ, ಕಸ್ಟಮ್ಸ್ ಕಚೇರಿಗೆಂದೋ ನೀವು ಆ ದುಂಡು ರಸ್ತೆಯನ್ನು ಎಷ್ಟೋ ಸಲ ಸುತ್ತು ಹಾಕಿರುತ್ತೀರಿ. ನಡುವೆ ಕಬ್ಬಿಣದ ಬೇಲಿ, ಬೇಲಿಯೊಳಗೆ ಮುದಿ ಮರಗಳು, ದುಂಡನೆಯ ಕಾಲುದಾರಿ, ಮಧ್ಯದಲ್ಲೊಂದು ಕಾರಂಜಿ. ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತ ಗುಮಾಸ್ತರು, ಚಪ್ಪಲಿ ಕಳಚಿ ಬೆಂಚಿನ ಮೇಲೆ ಕಾಲು ಚಾಚಿದ ಕೊರಿಯರ್ ಹುಡುಗರು. ಹೊರಗೆ ಅಷ್ಟೊಂದು ಗದ್ದಲವಿದ್ದರೂ ಗೇಟು ದಾಟಿದ ಮೇಲೆ ಗಾಳಿಯೇ ಬೇರೆ. ಆದರೆ ಅಲ್ಲಿ ಕೂತವರಲ್ಲಿ ಎಷ್ಟು ಜನರಿಗೆ ಗೊತ್ತು, ಈ ತೋಟದ ಕತೆಯಲ್ಲಿ ಧಾರವಾಡದ ಎರೆಹೊಲಕ್ಕೂ ಕುಮಟೆಯ ಬಂದರಿಗೂ ಒಂದು ಪಾಲಿದೆ ಎಂದು?

ಈ ಸಲ ನಾವು ನಿಮ್ಮನ್ನು ಈ ಎರಡೂವರೆ ಎಕರೆ ತೋಟಕ್ಕೇ ಕರೆದುಕೊಂಡು ಹೋಗುತ್ತೇವೆ. ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿರುವ ಕೇಳುಗರೂ ಜೊತೆಗೆ ಬನ್ನಿ. ದೊಡ್ಡ ಊರಿನ ನಡುಮಧ್ಯೆ ಒಂದು ತುಂಡು ಹಸಿರು ಹೇಗೆ ಹುಟ್ಟುತ್ತದೆ, ಹೇಗೆ ಉಳಿಯುತ್ತದೆ ಎನ್ನುವ ಪ್ರಶ್ನೆ ನಿಮ್ಮ ಊರಿಗೂ ಸೇರಿದ್ದೇ.

ಮೊದಲು ಬಯಲಿತ್ತು

ಹದಿನೆಂಟನೆಯ ಶತಮಾನದಲ್ಲಿ ಮುಂಬೈ ಎಂದರೆ ಗೋಡೆ ಕಟ್ಟಿದ ಕೋಟೆಯೊಳಗಿನ ಊರು. ಇವತ್ತಿಗೂ ನಾವು ಫೋರ್ಟ್ ಎನ್ನುವುದು ಅದರಿಂದಲೇ. ಆ ಕೋಟೆಯ ನಡುವೆ ಸುಮಾರು 15 ಎಕರೆಯ ಒಂದು ಬಯಲಿತ್ತು. ಹೆಸರು ಬಾಂಬೆ ಗ್ರೀನ್. ಬಯಲಿನ ಒಂದು ಬದಿಗೆ 1718ರಲ್ಲಿ ಪ್ರಾರ್ಥನೆಗೆ ತೆರೆದ ಸೇಂಟ್ ಥಾಮಸ್ ಚರ್ಚು. ಈ ಚರ್ಚಿಗೆ ಬರುವ ದಾರಿಯಲ್ಲಿದ್ದ ಕೋಟೆಬಾಗಿಲೇ ಚರ್ಚ್‌ಗೇಟ್. ಬಾಗಿಲು ಹೋಗಿ ನೂರೈವತ್ತು ವರ್ಷ ದಾಟಿತು, ಹೆಸರು ಮಾತ್ರ ಲೋಕಲ್ ರೈಲಿನ ಬೋರ್ಡಿನ ಮೇಲೆ ಉಳಿದಿದೆ. ಬಯಲಿನ ಇನ್ನೊಂದು ಬದಿಗೆ, ಸಮುದ್ರದ ಕಡೆಗೆ, 1833ರಲ್ಲಿ ಟೌನ್ ಹಾಲ್ ಎದ್ದು ನಿಂತಿತು. ಎತ್ತರದ ಮೆಟ್ಟಿಲು, ದಪ್ಪ ದಪ್ಪ ಕಂಬಗಳ ಈ ಬಿಳಿ ಕಟ್ಟಡವನ್ನು ಸಿನಿಮಾಗಳಲ್ಲಾದರೂ ನೀವು ನೋಡಿಯೇ ಇರುತ್ತೀರಿ. ಏಷಿಯಾಟಿಕ್ ಸೊಸೈಟಿಯ ಪುಸ್ತಕ ಭಂಡಾರ ಇರುವುದು ಇಲ್ಲೇ.

ಬಯಲಿನಲ್ಲಿ ಒಂದು ವಿಗ್ರಹವೂ ಇತ್ತು, ಲಾರ್ಡ್ ಕಾರ್ನ್‌ವಾಲಿಸ್‌ನದು. ಮೈಸೂರಿನ ಕತೆ ಓದಿದವರಿಗೆ ಈ ಹೆಸರು ಮರೆಯುವಂಥದ್ದಲ್ಲ. 1791ರಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದವನು, ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದವನು ಇವನೇ. ಆದರೆ ಮುಂಬೈಗೆ ಬಂದ ಹಳ್ಳಿಯ ಜನಕ್ಕೆ ಇದೆಲ್ಲ ಏನು ಗೊತ್ತು? ಮಂಟಪದಡಿ ನಿಂತ ಕಲ್ಲಿನ ಮೂರ್ತಿ ಕಂಡರೆ ಯಾವುದೋ ದೇವರೇ ಇರಬೇಕೆಂದು ಹೂವು ಏರಿಸಿ ಕೈಮುಗಿಯುತ್ತಿದ್ದರಂತೆ! ಆ ವಿಗ್ರಹ ಈಗ ಬೈಕಲಾದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಅಂಗಳದಲ್ಲಿದೆ. ಪೂಜೆ ಮಾಡುವವರು ಈಗ ಯಾರೂ ಇಲ್ಲ.

ಬಯಲಿನ ತುಂಬ ಹತ್ತಿ

ಬಾಂಬೆ ಗ್ರೀನಿಗೆ ಇನ್ನೊಂದು ಹೆಸರಿತ್ತು. ಕಾಟನ್ ಗ್ರೀನ್. ಹಾರ್ಬರ್ ಲೈನಿನಲ್ಲಿ ಓಡಾಡುವವರ ಕಿವಿ ಈಗ ನಿಮಿರಿರಬೇಕು. ಹೌದು, ಶಿವಡಿಯ ಹತ್ತಿರ ಸ್ಟೇಷನ್ನಿಗೆ ಇರುವ ಹೆಸರು ಮೊದಲು ಈ ಬಯಲಿನದು. ಒಳನಾಡಿನಿಂದ ಬಂದ ಹತ್ತಿ ಹಡಗು ಹತ್ತುವ ಮುಂಚೆ ರಾಶಿ ಬೀಳುತ್ತಿದ್ದುದು ಇಲ್ಲಿ, ಚರ್ಚಿನ ಎದುರಿಗೇ. ವ್ಯಾಪಾರಿಗಳು ಬೆರಳಲ್ಲಿ ಎಳೆ ಎಳೆದು ನೋಡಿ ದರ ಕೂಗುತ್ತಿದ್ದುದೂ ಇಲ್ಲೇ. ಕೋಟೆಯೊಳಗೆ 1803ರಲ್ಲಿ ದೊಡ್ಡ ಬೆಂಕಿ ಬಿದ್ದು ಊರಿನ ಒಂದು ಭಾಗವೇ ಸುಟ್ಟುಹೋಗಿತ್ತು. ಅಂಥ ಊರಿನ ನಡುವೆ ಹತ್ತಿಯ ಗುಡ್ಡ ಎಂದರೆ ಎದೆ ಡವಗುಟ್ಟುವ ಮಾತೇ. ಕೊನೆಗೆ 1844ರಲ್ಲಿ ಹತ್ತಿಯ ಪೇಟೆಯನ್ನು ಕೊಲಾಬಾಕ್ಕೆ ಸಾಗಿಸಿದರು. ಅಲ್ಲಿಂದ 1920ರ ದಶಕದಲ್ಲಿ ಅದು ಶಿವಡಿಯ ಕಡೆಗೆ ಹೋಯಿತು. ಪೇಟೆ ಹೋದಲ್ಲೆಲ್ಲ ಹೆಸರೂ ಹೋಯಿತು.

ಈ ಹತ್ತಿ ಎಲ್ಲೆಲ್ಲಿಂದ ಬರುತ್ತಿತ್ತು? ಗುಜರಾತಿನಿಂದ, ಖಾನದೇಶದಿಂದ, ವರ್ಹಾಡದಿಂದ. ಜೊತೆಗೆ ನಮ್ಮ ಧಾರವಾಡದಿಂದ, ಹುಬ್ಬಳ್ಳಿಯಿಂದ, ಗದಗಿನಿಂದ. ಆ ಕಾಲಕ್ಕೆ ಧಾರವಾಡ, ಬೆಳಗಾವಿ, ವಿಜಾಪುರದ ಸೀಮೆ ಮುಂಬೈ ಪ್ರಾಂತಕ್ಕೆ ಸೇರಿತ್ತು ಎಂಬುದು ನಿಮಗೆ ಗೊತ್ತಿರುವುದೇ. ಎರೆಮಣ್ಣಿನ ಆ ಹೊಲಗಳ ಹತ್ತಿ ಮುಂಬೈ ಪೇಟೆಯಲ್ಲಿ ಎರಡು ಹೆಸರಿನಿಂದ ಕರೆಸಿಕೊಳ್ಳುತ್ತಿತ್ತು. ನಾಡ ತಳಿಗೆ ಕುಮಟಾ ಹತ್ತಿ ಎಂದು ಹೆಸರು. ಕುಮಟೆಯಲ್ಲಿ ಹತ್ತಿ ಬೆಳೆಯುತ್ತದೆಯೇ ಎಂದು ಕೇಳಬೇಡಿ! ಬೆಳೆದ ಊರಿನ ಹೆಸರಲ್ಲ ಅದು, ಹಡಗು ಹತ್ತಿದ ಬಂದರಿನ ಹೆಸರು. ಇನ್ನೊಂದು ಧಾರವಾಡ ಅಮೆರಿಕನ್. ಅಮೆರಿಕದಿಂದ ತರಿಸಿದ ಬೀಜವನ್ನು 1840ರ ದಶಕದಲ್ಲಿ ಧಾರವಾಡ, ಹುಬ್ಬಳ್ಳಿ ಕಡೆಯ ಹೊಲಗಳಲ್ಲಿ ಬಿತ್ತಿಸಿದರು. ದೇಶದ ಬೇರೆ ಬೇರೆ ಕಡೆ ಸೋತ ಆ ಪ್ರಯೋಗ ನಮ್ಮ ಎರೆಭೂಮಿಯಲ್ಲಿ ಕೈಹಿಡಿಯಿತು.

ಹುಬ್ಬಳ್ಳಿಗೆ ರೈಲು ಬಂದದ್ದು 1880ರ ದಶಕದಲ್ಲಿ. ಅದಕ್ಕೂ ಮುಂಚೆ ಹತ್ತಿಯ ಪ್ರಯಾಣ ಎಂದರೆ ಎತ್ತಿನ ಗಾಡಿಯದು. ಬಯಲುಸೀಮೆಯಿಂದ ಹೊರಟು, ಮಲೆನಾಡು ದಾಟಿ, ದೇವಿಮನೆ ಘಟ್ಟದಂಥ ಇಳಿಜಾರುಗಳಲ್ಲಿ ಎತ್ತಿನ ಹೆಗಲು ಸವೆಸಿ, ಕುಮಟೆಯ ಬಂದರು ಮುಟ್ಟಬೇಕು. ಅಲ್ಲಿಂದ ಪತ್ತೆಮಾರಿಯಲ್ಲಿ ಹಾಯಿ ಬಿಚ್ಚಿ ಕರಾವಳಿಗುಂಟ ಮುಂಬೈಗೆ. ಮಳೆಗಾಲ ಹಿಡಿಯಿತೆಂದರೆ ಘಟ್ಟದ ದಾರಿಯೂ ಬಂದ್, ಸಮುದ್ರವೂ ಬಂದ್. ಹೀಗಾಗಿ ಮಳೆಗೆ ಮುಂಚೆ ಮಾಲು ಮುಟ್ಟಿಸುವುದೇ ಒಂದು ದೊಡ್ಡ ಪಂದ್ಯ.

ಕೋಟೆ ಒಡೆದ ಹಣ

ಹತ್ತಿ ಕೊಲಾಬಾಕ್ಕೆ ಹೋದ ಮೇಲೆ ಬಾಂಬೆ ಗ್ರೀನಿನ ಗತಿ ಏನಾಯಿತು? ಹೇಳಿದರೆ ನಂಬಲಿಕ್ಕಿಲ್ಲ. ಹತ್ತಿ ಹೋಗುವ ಮುಂಚೆಯೇ, 1842ರ ಹೊತ್ತಿಗೇ, ಅದು ತೆಂಗಿನ ಚಿಪ್ಪು, ಕಸಕಡ್ಡಿ, ಮುರಿದ ಸಾಮಾನು ಎಸೆಯುವ ತಿಪ್ಪೆಯಾಗಿತ್ತು. ಬೇಸಿಗೆಯಲ್ಲಿ ಧೂಳು, ಮಳೆಯಲ್ಲಿ ಕೊಚ್ಚೆ. ಒಂದು ಮೂಲೆಯಲ್ಲಿ ಮಾತ್ರ ಚಟುವಟಿಕೆ ಇತ್ತು. ಟೌನ್ ಹಾಲಿನ ಎದುರಿಗಿದ್ದ ಆಲದ ಮರದಡಿ 1850ರ ದಶಕದಲ್ಲಿ ಕೆಲವು ದಲ್ಲಾಳಿಗಳು ಸೇರಿ ಶೇರು ವ್ಯಾಪಾರ ನಡೆಸುತ್ತಿದ್ದರು. ಅವರದೇ ಗುಂಪು ಬೆಳೆದು, ಜಾಗ ಬದಲಿಸುತ್ತ ಬದಲಿಸುತ್ತ, 1875ರಲ್ಲಿ ಸಂಘ ಕಟ್ಟಿಕೊಂಡಿತು. ಅದೇ ಇಂದಿನ ಬಾಂಬೆ ಸ್ಟಾಕ್ ಎಕ್ಸ್‌ಚೇಂಜ್. ದಲಾಲ್ ಸ್ಟ್ರೀಟ್ ಇಲ್ಲಿಂದ ಕೂಗಳತೆಯಲ್ಲಿದೆ.

ಈ ತಿಪ್ಪೆಯನ್ನು ತೋಟ ಮಾಡಬೇಕೆಂದು ಮೊದಲು ಹಟ ಹಿಡಿದವನು ಯಾವ ತೋಟಗಾರನೂ ಅಲ್ಲ, ಪೋಲೀಸ್ ಅಧಿಕಾರಿ. ಹೆಸರು ಚಾರ್ಲ್ಸ್ ಫೋರ್ಜೆಟ್. 1857ರ ದಂಗೆಯ ವರ್ಷದಲ್ಲಿ ಮುಂಬೈಯನ್ನು ಬಿಗಿಮುಷ್ಟಿಯಲ್ಲಿ ಹಿಡಿದಿದ್ದವನು ಇವನು. ಆ ಅಕ್ಟೋಬರಿನಲ್ಲಿ ಎಸ್‌ಪ್ಲನೇಡ್ ಮೈದಾನದಲ್ಲಿ ಇಬ್ಬರು ಸಿಪಾಯಿಗಳನ್ನು ತೋಪಿನ ಬಾಯಿಗೆ ಕಟ್ಟಿ ಉಡಾಯಿಸಿದ ಪ್ರಕರಣದ ಹಿಂದೆ ಇದ್ದದ್ದು ಇವನ ಬೇಹುಗಾರಿಕೆಯೇ. ಅದೇ ಮನುಷ್ಯ ಗವರ್ನರ್ ಲಾರ್ಡ್ ಎಲ್ಫಿನ್‌ಸ್ಟನ್‌ಗೂ, ಅವನ ಬಳಿಕ ಬಂದ ಸರ್ ಬಾರ್ಟಲ್ ಫ್ರೆಯರ್‌ಗೂ ಗಂಟುಬಿದ್ದು, ಬಯಲನ್ನು ದುಂಡಗಿನ ತೋಟವಾಗಿಸಿ ಸುತ್ತ ಕಟ್ಟಡ ಕಟ್ಟಿಸುವ ಯೋಜನೆಗೆ ಒಪ್ಪಿಸಿದ. ಇತಿಹಾಸದಲ್ಲಿ ಮನುಷ್ಯರನ್ನು ಒಂದೇ ಬಣ್ಣದಲ್ಲಿ ನೋಡಲಾಗುವುದಿಲ್ಲ, ನೋಡಿ.

ಅಷ್ಟರಲ್ಲಿ ಏಳು ಸಮುದ್ರದ ಆಚೆ ಒಂದು ಯುದ್ಧ ಶುರುವಾಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿ ನಿಂತುಹೋಯಿತು. ಮ್ಯಾಂಚೆಸ್ಟರಿನ ಮಾಲೀಕರ ಕಣ್ಣು ಮುಂಬೈ ಕಡೆಗೆ ತಿರುಗಿತು. ದರ ದಿನಕ್ಕೊಂದು ಮೆಟ್ಟಿಲು ಏರಿತು. ಹಳೆಯ ಹಾಸಿಗೆಯ ಹತ್ತಿಯನ್ನೂ ಜನ ಬಿಚ್ಚಿ ಮಾರಿದರು ಎಂದು ಆ ಕಾಲದ ಬಗ್ಗೆ ಹೇಳುವುದುಂಟು. ಧಾರವಾಡದ ಹತ್ತಿಗೆ ಹತ್ತಿರದ ಬಂದರು ಬೇಕೆಂಬ ಒತ್ತಡ ಎಷ್ಟಿತ್ತೆಂದರೆ, 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದರು. ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸುವ ಆಸೆ ಅದರ ಹಿಂದೆ ಇತ್ತು. ಒಂದು ಜಿಲ್ಲೆಯ ಜನ ಯಾವ ಊರಿನ ಕಚೇರಿಗೆ ಅರ್ಜಿ ಹಾಕಬೇಕು, ಯಾವ ಊರಿಗೆ ಕೆಲಸ ಹುಡುಕಿಕೊಂಡು ಹೋಗಬೇಕು ಎಂಬುದನ್ನೂ ಹೀಗೆ ಹತ್ತಿಯೇ ತೀರ್ಮಾನಿಸಿತು. ಉತ್ತರ ಕನ್ನಡದವರಿಗೆ ಮುಂಬೈ ಅಷ್ಟೊಂದು ಹತ್ತಿರದ ಊರಾದದ್ದರ ಬೇರು ಇಲ್ಲೂ ಇದೆ.

ನಾಲ್ಕು ವರ್ಷ ಮುಂಬೈಗೆ ಹಣದ ಮಳೆ ಸುರಿಯಿತು. ಫ್ರೆಯರ್‌ನ ಕಾಲದಲ್ಲಿ ಕೋಟೆಯ ಗೋಡೆಗಳನ್ನು ಕೆಡವಲಾಯಿತು. ಊರು ಹೊರಗೆ ಚಾಚಿಕೊಂಡಿತು. ಬಾಂಬೆ ಗ್ರೀನಿನ ಜಾಗವನ್ನು ನಗರಾಡಳಿತ ಕೊಂಡು, ಸುತ್ತಲಿನ ಅಂಚನ್ನು ನಿವೇಶನಗಳಾಗಿ ಸೀಳಿ, ಇಂಗ್ಲಿಷ್ ವ್ಯಾಪಾರಿ ಕಂಪನಿಗಳಿಗೆ ಮಾರಿತು. ಒಳ್ಳೆಯ ಲಾಭವನ್ನೂ ಮಾಡಿಕೊಂಡಿತು. ಜೇಮ್ಸ್ ಟ್ರಬ್‌ಶಾ ಎಂಬ ವಾಸ್ತುಶಿಲ್ಪಿ ಅರ್ಧಚಂದ್ರಾಕಾರದ ಕಟ್ಟಡಗಳ ನಕ್ಷೆ ಬರೆದ. ಯಾರೇ ಕಟ್ಟಲಿ, ಮುಖ ಮಾತ್ರ ಒಂದೇ ಥರ ಇರಬೇಕು. ಕೆಳಗೆ ಕಮಾನುಗಳ ಮೊಗಸಾಲೆ, ಬಿಸಿಲಿಗೂ ಮಳೆಗೂ ಜನ ನೆನೆಯದೆ ಒಣಗದೆ ನಡೆಯಬೇಕು. ಆ ಮೊಗಸಾಲೆಯಲ್ಲಿ ನೀವು ಇವತ್ತಿಗೂ ಜುಲೈ ತಿಂಗಳಲ್ಲಿ ಕೊಡೆ ಮಡಚಿ ನಡೆಯಬಹುದು.

ನಡುವಿನ ತೋಟದ ಕೆಲಸ 1869ರಲ್ಲಿ ಶುರುವಾಗಿ 1872ರಲ್ಲಿ ಮುಗಿಯಿತು. ಹೆಸರು ಎಲ್ಫಿನ್‌ಸ್ಟನ್ ಸರ್ಕಲ್. ಸಂಜೆ ಬ್ಯಾಂಡ್ ನುಡಿಸುತ್ತಿತ್ತು, ಪಾರ್ಸಿ ಕುಟುಂಬಗಳು ಗಾಳಿ ಸೇವಿಸಲು ಬರುತ್ತಿದ್ದವು. ನೀವು ಒಂದು ಲೆಕ್ಕ ಗಮನಿಸಬೇಕು. 15 ಎಕರೆಯ ಬಯಲಿನಲ್ಲಿ ತೋಟವಾಗಿ ಉಳಿದದ್ದು ಸುಮಾರು ಎರಡೂವರೆ ಎಕರೆ, ಆರರಲ್ಲಿ ಒಂದು ಪಾಲು. ಮಿಕ್ಕಿದ್ದು ರಸ್ತೆ, ಕಟ್ಟಡ. ಊರಿಗೆ ಉಸಿರು ಕೊಟ್ಟ ಆ ನವೀಕರಣ ನೆಲ ಮಾರಿದ ಹಣದಲ್ಲೇ ನಡೆದದ್ದು. ಇವತ್ತು ಯಾವ ಊರಿನಲ್ಲಿ ಯಾವ ಪಾರ್ಕನ್ನು ಹೊಸದು ಮಾಡುತ್ತೇವೆಂದು ಹೊರಟರೂ ಕೇಳಬೇಕಾದ ಪ್ರಶ್ನೆ ಇದೇ: ಎಷ್ಟು ಉಳಿಯಿತು, ಎಷ್ಟು ಹೋಯಿತು?

ಹತ್ತಿಯ ಭರಾಟೆ ಅಷ್ಟರಲ್ಲಿ ಮುಗಿದಿತ್ತು. 1865ರಲ್ಲಿ ಅಮೆರಿಕದ ಯುದ್ಧ ನಿಂತ ಸುದ್ದಿ ಬಂದದ್ದೇ ತಡ, ದರ ಕುಸಿಯಿತು. ಸಮುದ್ರ ತುಂಬುವ ಕಂಪನಿಗಳ ಶೇರು ಕಾಗದದ ಬೆಲೆಗೆ ಇಳಿಯಿತು. ಬ್ಯಾಂಕುಗಳು ಮುಳುಗಿದವು, ಲಕ್ಷಾಧೀಶರು ಬೀದಿಗೆ ಬಂದರು. ಮುಂಬೈಯ ದಿವಾಳಿಯ ಕತೆಯನ್ನು ಪುಸ್ತಕಗಳು ಹೆಸರು ಹೆಸರಾಗಿ ಬರೆದಿಟ್ಟಿವೆ. ಧಾರವಾಡ ಸೀಮೆಯಲ್ಲಿ ದರ ನಂಬಿ ಬಿತ್ತಿದ ರೈತನ ಹೆಸರನ್ನು ಯಾರೂ ಬರೆದಿಲ್ಲ. ಹತ್ತು ವರ್ಷ ಕಳೆದು, 1876ರಿಂದ 78ರ ತನಕ, ಆ ಸೀಮೆಯನ್ನು ಭೀಕರ ಬರ ಹಿಡಿಯಿತು. ಎಲ್ಫಿನ್‌ಸ್ಟನ್ ಸರ್ಕಲ್ಲಿನಲ್ಲಿ ಆಗ ಸಂಜೆಯ ಬ್ಯಾಂಡ್ ನುಡಿಯುತ್ತಿದ್ದಿರಬೇಕು.

ಟೌನ್ ಹಾಲಿಗೆ ಬಂದ ಸವದತ್ತಿಯ ಕಲ್ಲುಗಳು

ತೋಟದ ಬೆಂಚಿನ ಮೇಲೆ ಕೂತು ಪೂರ್ವಕ್ಕೆ ಕಣ್ಣು ಹಾಯಿಸಿದರೆ ಟೌನ್ ಹಾಲಿನ ಮೆಟ್ಟಿಲು ಕಾಣುತ್ತದೆ. ಹತ್ತಿಯ ಜೊತೆಗೆ ನಮ್ಮ ನಾಡಿನಿಂದ ಇಲ್ಲಿಗೆ ಬಂದ ಇನ್ನೊಂದು ಮಾಲಿನ ಕತೆಯನ್ನೂ ಕೇಳಿ. ತೋಟದ ಕೆಲಸ ಶುರುವಾಗುವ ತುಸು ಮುಂಚೆ, 1867ರಲ್ಲಿ, ಜಾನ್ ಫೇಯ್ತ್‌ಫುಲ್ ಫ್ಲೀಟ್ ಎಂಬ ಇಪ್ಪತ್ತರ ಹುಡುಗ ಸಿವಿಲ್ ಸರ್ವಿಸಿಗೆ ಸೇರಿ ಮುಂಬೈಗೆ ಬಂದಿಳಿದ. ಕೆಲಸ ಬಿದ್ದದ್ದು ಕನ್ನಡ ಜಿಲ್ಲೆಗಳಲ್ಲಿ. ಹಳಗನ್ನಡ ಕಲಿತ. ಗುಡಿಯ ಗೋಡೆ, ಕೆರೆಯ ದಂಡೆ, ಹೊಲದ ಬದು ಎನ್ನದೆ ಶಾಸನಗಳನ್ನು ಓದಿ ಬರೆದುಕೊಂಡ. ಸವದತ್ತಿ, ಬೆಳಗಾವಿಯ ರಟ್ಟರ ಶಾಸನಗಳ ಮೇಲೆ ಅವನು ಬರೆದದ್ದು ಅಚ್ಚಾದದ್ದು ಏಷಿಯಾಟಿಕ್ ಸೊಸೈಟಿಯ ಮುಂಬೈ ಶಾಖೆಯ ಪತ್ರಿಕೆಯಲ್ಲಿ. ಆ ಶಾಖೆಯ ಮನೆ ಈ ಟೌನ್ ಹಾಲ್. ಚಾಲುಕ್ಯ, ರಾಷ್ಟ್ರಕೂಟ, ಕದಂಬರ ಬಗ್ಗೆ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ವಂಶಾವಳಿಗಳಲ್ಲಿ ಎಷ್ಟೋ ಭಾಗ ಮೊದಲು ಒಂದು ಕ್ರಮಕ್ಕೆ ಬಂದದ್ದು ಫ್ಲೀಟ್ 1882ರಲ್ಲಿ ಮುಂಬೈ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳ ಮೇಲೆ ಬರೆದ ಪುಸ್ತಕದಲ್ಲಿ.

ಶಾಸನಗಳಷ್ಟೇ ಅಲ್ಲ. ಹಳ್ಳಿಗಳಲ್ಲಿ ಜನ ಹಾಡುತ್ತಿದ್ದ ಲಾವಣಿಗಳನ್ನೂ ಫ್ಲೀಟ್ ಬರೆಸಿಕೊಂಡು 1885ರಲ್ಲಿ ಅಚ್ಚು ಹಾಕಿಸಿದ. ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿ ಬೇಡರ ಲಾವಣಿ ಅದರಲ್ಲಿವೆ. ಬ್ರಿಟಿಷರ ವಿರುದ್ಧ ಎದ್ದವರ ಹಾಡನ್ನು ಬ್ರಿಟಿಷ್ ಅಧಿಕಾರಿಯೇ ಕಾಪಿಟ್ಟ ಎನ್ನುವುದು ನಮ್ಮ ಚರಿತ್ರೆಯ ಒಂದು ಸೋಜಿಗ. ಆಕಾಶವಾಣಿಯಲ್ಲಿ ಲಾವಣಿ ಕೇಳಿ ಬೆಳೆದ ನಮ್ಮ ಹಿರಿಯ ಕೇಳುಗರಿಗೆ ಇದು ಖುಷಿ ಕೊಡುವ ಸಂಗತಿ ಎಂದು ನಮ್ಮ ನಂಬಿಕೆ.

ಗವರ್ನರ್ ಹೋದ, ಸಂಪಾದಕ ಬಂದ

ಈಗ ತೋಟದ ಹೆಸರಿಗೆ ಬರೋಣ. ಹಾರ್ನಿಮನ್ ಯಾರು? ಬ್ರಿಟಿಷ್ ಹೆಸರು ಕೇಳಿ ಇನ್ನೊಬ್ಬ ಗವರ್ನರನೋ ಜನರಲ್ಲನೋ ಇರಬೇಕೆಂದು ಭಾವಿಸುವವರೇ ಹೆಚ್ಚು. ಹಾಗಲ್ಲ. ಬೆಂಜಮಿನ್ ಗೈ ಹಾರ್ನಿಮನ್ ಒಬ್ಬ ಪತ್ರಕರ್ತರು. ಇಂಗ್ಲೆಂಡಿನಲ್ಲಿ 1873ರಲ್ಲಿ ಹುಟ್ಟಿ, ಕಲ್ಕತ್ತೆಯ ದಿ ಸ್ಟೇಟ್ಸ್‌ಮನ್‌ನಲ್ಲಿ ದುಡಿದು, ಫಿರೋಜ್‌ಶಾ ಮೆಹ್ತಾ 1913ರಲ್ಲಿ ಆರಂಭಿಸಿದ ದಿ ಬಾಂಬೆ ಕ್ರಾನಿಕಲ್ ಪತ್ರಿಕೆಗೆ ಸಂಪಾದಕರಾಗಿ ಬಂದರು. ಆಳುವವರ ಜಾತಿಯಲ್ಲೇ ಹುಟ್ಟಿದರೂ ಅವರ ಲೇಖನಿ ಆಳಿಸಿಕೊಳ್ಳುವವರ ಪರವಾಗಿತ್ತು. 1919ರಲ್ಲಿ ರೌಲತ್ ಕಾಯಿದೆಯ ವಿರುದ್ಧ ಗಾಂಧೀಜಿ ಸತ್ಯಾಗ್ರಹಕ್ಕೆ ಕರೆಕೊಟ್ಟಾಗ ಹಾರ್ನಿಮನ್ ಮುಂಚೂಣಿಯಲ್ಲಿ ನಿಂತರು. ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿತು. ಪಂಜಾಬಿನ ಸುದ್ದಿ ಹೊರಬೀಳದಂತೆ ಸರ್ಕಾರ ಬಾಯಿ ಬಿಗಿದಿತ್ತು. ಕ್ರಾನಿಕಲ್ ಬಾಯಿ ಮುಚ್ಚಲಿಲ್ಲ.

ಎರಡು ವಾರ ಕಳೆಯುವುದರೊಳಗೆ, ಏಪ್ರಿಲ್ 26ರಂದು, ಕಾಯಿಲೆ ಮಲಗಿದ್ದ ಹಾರ್ನಿಮನ್ನರನ್ನು ಎಬ್ಬಿಸಿ ಹಡಗು ಹತ್ತಿಸಿ ಇಂಗ್ಲೆಂಡಿಗೆ ಗಡೀಪಾರು ಮಾಡಿದರು. ಯಾವ ಕೋರ್ಟೂ ಇಲ್ಲ, ವಿಚಾರಣೆಯೂ ಇಲ್ಲ. ಅಲ್ಲಿಯೂ ಅವರು ಸುಮ್ಮನಿರಲಿಲ್ಲ. ಅಮೃತಸರದ ಹತ್ಯಾಕಾಂಡದ ಮೇಲೆ 1920ರಲ್ಲಿ ಪುಸ್ತಕ ಬರೆದು ತಮ್ಮದೇ ದೇಶದ ಜನರಿಗೆ ನಡೆದದ್ದನ್ನು ತಿಳಿಸಿದರು. 1926ರಲ್ಲಿ ಭಾರತಕ್ಕೆ ಮರಳಿ ಮತ್ತೆ ಪತ್ರಿಕೆಗಳನ್ನು ನಡೆಸಿದರು. ಸ್ವಾತಂತ್ರ್ಯ ಬಂದದ್ದನ್ನು ಕಣ್ಣಾರೆ ಕಂಡು 1948ರಲ್ಲಿ ತೀರಿಕೊಂಡರು.

ಸ್ವಾತಂತ್ರ್ಯದ ಬಳಿಕ ಎಲ್ಫಿನ್‌ಸ್ಟನ್ ಸರ್ಕಲ್ ಹಾರ್ನಿಮನ್ ಸರ್ಕಲ್ ಆಯಿತು. ಬ್ರಿಟಿಷ್ ಹೆಸರುಗಳನ್ನು ಅಳಿಸುತ್ತಿದ್ದ ಕಾಲದಲ್ಲಿ ಒಬ್ಬ ಬ್ರಿಟಿಷನ ಹೆಸರನ್ನು ತೆಗೆದು ಇನ್ನೊಬ್ಬ ಬ್ರಿಟಿಷನ ಹೆಸರನ್ನು ಇಟ್ಟದ್ದು ಮುಂಬೈಯ ದೊಡ್ಡತನ. ಜಾಗವೂ ತಕ್ಕದ್ದೇ. ಸರ್ಕಲ್ಲಿನ ಅಂಚಿನ ಕೆಂಪು ಕಟ್ಟಡದಲ್ಲಿ ಮುಂಬೈ ಸಮಾಚಾರ್ ಕಚೇರಿ ಇದೆ. 1822ರಲ್ಲಿ ಆರಂಭವಾದ ಈ ಗುಜರಾತಿ ಪತ್ರಿಕೆ ಏಷ್ಯಾದಲ್ಲಿ ಇಂದಿಗೂ ನಡೆಯುತ್ತಿರುವ ಪತ್ರಿಕೆಗಳಲ್ಲೇ ಅತ್ಯಂತ ಹಳೆಯದು. ಅದರ ಮುಂದಿನ ರಸ್ತೆಗೆ ಸೈಯದ್ ಅಬ್ದುಲ್ಲಾ ಬ್ರೆಲ್ವಿ ಅವರ ಹೆಸರು. ಅವರು ಯಾರು ಗೊತ್ತೇ? ಹಾರ್ನಿಮನ್ನರ ಬಳಿಕದ ಕಾಲದಲ್ಲಿ ಕ್ರಾನಿಕಲ್ಲನ್ನು ಎರಡು ದಶಕಕ್ಕೂ ಮೀರಿ ನಡೆಸಿದ ಸಂಪಾದಕರು. ಹೀಗೆ ಇದು ಪತ್ರಿಕೆಯವರ ತೋಟ ಎನ್ನಲು ಅಡ್ಡಿಯಿಲ್ಲ.

ಹಗಲು ಹೋಟೆಲು, ರಾತ್ರಿ ಶಾಲೆ

ಹತ್ತಿ ತಂದ ಕರಾವಳಿಯೇ ಮುಂದೆ ಜನರನ್ನೂ ತಂದಿತು. ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಉಡುಪಿ, ಮಂಗಳೂರು, ಕುಂದಾಪುರದ ಕಡೆಯ ಹುಡುಗರು ಹಡಗು ಹತ್ತಿ ಮುಂಬೈಗೆ ಬಂದರು. ಮೊಗವೀರ ವ್ಯವಸ್ಥಾಪಕ ಮಂಡಳಿ ಇಲ್ಲಿ ಹುಟ್ಟಿದ್ದು 1902ರಲ್ಲಿ. ಫೋರ್ಟಿನ ಗಲ್ಲಿಗಳ ಹೋಟೆಲು, ಕ್ಯಾಂಟೀನುಗಳಲ್ಲಿ ಹಗಲೆಲ್ಲ ಲೋಟ ತೊಳೆದ, ಮೇಜು ಒರೆಸಿದ ಹುಡುಗರು ರಾತ್ರಿ ಅದೇ ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಸ್ಲೇಟು ಹಿಡಿದು ಕೂತರು. ಹಾಗೆ ಕಲಿತು ವಕೀಲರಾದವರು, ಬ್ಯಾಂಕ್ ಅಧಿಕಾರಿಗಳಾದವರು, ಸ್ವಂತ ಹೋಟೆಲು ಇಟ್ಟವರು ನಮ್ಮ ಕೇಳುಗರಲ್ಲೇ ಎಷ್ಟೋ ಮಂದಿ ಇದ್ದೀರಿ. ನಿಮ್ಮ ಅಪ್ಪನೋ ಅಜ್ಜನೋ ಅಂಥ ಹುಡುಗರಲ್ಲಿ ಒಬ್ಬರಾಗಿದ್ದರೆ ಅವರನ್ನೊಮ್ಮೆ ಕೇಳಿ ನೋಡಿ. ಕೋಣೆ ಎಂದರೆ ಚಾಪೆ ಹಾಸುವಷ್ಟೇ ಜಾಗ ಇದ್ದ ಆ ದಿನಗಳಲ್ಲಿ, ಊರಿನಿಂದ ಬಂದ ಕಾಗದವನ್ನು ಒಬ್ಬರೇ ಕೂತು ಓದಲು ದುಡ್ಡು ಕೇಳದ ಒಂದು ಜಾಗ ಬೇಕಿತ್ತು. ತೋಟದ ಬೆಂಚು, ಮೈದಾನದ ಹುಲ್ಲು ಇದ್ದದ್ದು ಅದಕ್ಕೇ.

1956ರ ನವೆಂಬರ್ 1ರಂದು ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದವು. ಕಾಗದದ ಮೇಲಿನ ನಂಟು ಕಡಿಯಿತು, ಬದುಕಿನ ನಂಟು ಕಡಿಯಲಿಲ್ಲ. ಹತ್ತಿಗೆ ಹೆಸರು ಕೊಟ್ಟ ಅದೇ ಕುಮಟಾ ತಾಲ್ಲೂಕಿನ ಹನೇಹಳ್ಳಿಯಿಂದ ಯಶವಂತ ಚಿತ್ತಾಲರು ಮುಂಬೈಗೆ ಬಂದರು, ಗೋಕರ್ಣದಿಂದ ಜಯಂತ ಕಾಯ್ಕಿಣಿಯವರು ಬಂದರು. ಕನ್ನಡಕ್ಕೆ ಮುಂಬೈಯ ಕತೆಗಳು ಸಿಕ್ಕಿದವು.

ಉಳಿಸಿಕೊಂಡದ್ದು ಹೇಗೆ

ಮತ್ತೆ ಹಸಿರಿಗೆ ಬರೋಣ. ಊರ ನಡುವಿನ ಚದರಡಿಗೆ ಬಂಗಾರದ ಬೆಲೆ ಬಂದ ಮೇಲೆ ಇಂಥ ಜಾಗ ತಾನಾಗಿ ಉಳಿಯುವುದಿಲ್ಲ. ಮುಂಬೈ 1995ರಲ್ಲಿ ಪಾರಂಪರಿಕ ಕಟ್ಟಡ ಮತ್ತು ಪ್ರದೇಶಗಳ ರಕ್ಷಣೆಗೆ ನಿಯಮ ತಂದಿತು. ಆ ಬಗೆಯ ನಿಯಮ ಮಾಡಿದ ದೇಶದ ಮೊದಲ ಊರುಗಳಲ್ಲಿ ಅದೂ ಒಂದು. ಹತ್ತಿರದ ಓವಲ್ ಮೈದಾನ 1990ರ ದಶಕದಲ್ಲಿ ಹಾಳುಬಿದ್ದಿದ್ದಾಗ ಸುತ್ತಲಿನ ನಿವಾಸಿಗಳೇ ಹೈಕೋರ್ಟಿನ ಮೆಟ್ಟಿಲೇರಿ, ಅದನ್ನು ಸರಿಪಡಿಸಿ ನೋಡಿಕೊಳ್ಳುವ ಹೊಣೆ ಹೊತ್ತರು. 2018ರಲ್ಲಿ ಆ ಮೈದಾನ ಮತ್ತು ಅದರ ಎರಡು ಬದಿಯ ಕಟ್ಟಡಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪಕ್ಕದ ಕ್ರಾಸ್ ಮೈದಾನದ ಒಂದು ತುದಿಯೂ ತೋಟವಾಗಿ ಅಚ್ಚುಕಟ್ಟಾಯಿತು. 2011ರಲ್ಲಿ ಅಲ್ಲಿ ಚರಕದ ದೊಡ್ಡ ಶಿಲ್ಪವೊಂದು ನಿಂತಿತು. ಹತ್ತಿಯಿಂದ ಬೆಳೆದ ಊರಿಗೆ ಒಪ್ಪುವ ಗುರುತು! ಸೇಂಟ್ ಥಾಮಸ್ ಚರ್ಚಿನ ಜೀರ್ಣೋದ್ಧಾರಕ್ಕೆ 2004ರಲ್ಲಿ ಯುನೆಸ್ಕೋ ಪ್ರಶಸ್ತಿ ಬಂತು. 1864ರ ಫ್ಲೋರಾ ಫೌಂಟನ್ ದುರಸ್ತಿಯಾಗಿ 2019ರ ಜನವರಿಯಲ್ಲಿ ಮತ್ತೆ ನೀರು ಚಿಮ್ಮಿಸಿತು. ಹಾರ್ನಿಮನ್ ತೋಟದಲ್ಲಿ ಕಾಲಾ ಘೋಡಾ ಕಲಾ ಉತ್ಸವದ ಕಾರ್ಯಕ್ರಮಗಳು ನಡೆದಿವೆ, ಸೂಫಿ ಹಾಡುಗಾರಿಕೆಯ ರಾತ್ರಿಗಳೂ ನಡೆದಿವೆ.

ಇದೆಲ್ಲ ಸಂತೋಷದ ವಿಷಯ. ಆದರೂ ಒಂದು ಮಾತು ಹೇಳದೆ ಇರಲಾಗುವುದಿಲ್ಲ. ಪಾರ್ಕು ಚೆಂದವಾದಷ್ಟೂ ಬೇಲಿ ಎತ್ತರವಾಗುವುದು, ಬೋರ್ಡಿನ ಮೇಲೆ ‘ಮಾಡಬಾರದು’ಗಳ ಪಟ್ಟಿ ಉದ್ದವಾಗುವುದು ಈಗ ಎಲ್ಲ ಊರುಗಳಲ್ಲೂ ಕಾಣುವ ಸಂಗತಿ. ಮಲಗಬಾರದು, ತಿನ್ನಬಾರದು, ಹುಲ್ಲು ಮೆಟ್ಟಬಾರದು, ಟಿಕೆಟ್ಟಿಲ್ಲದೆ ಬರಬಾರದು. ಗಿಡ ಹಾಳಾಗಬಾರದು, ನಿಜ. ಆದರೆ ಡಬ್ಬಿ ಬಿಚ್ಚಲು ಬಂದ ಗುಮಾಸ್ತನಿಗೆ, ಮೂಟೆ ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಬಂದ ಹಮಾಲಿಗೆ ಜಾಗವಿಲ್ಲದ ಪಾರ್ಕು ನೋಡಲಿಕ್ಕೆ ಮಾತ್ರ ಪಾರ್ಕು. ಬಾಂಬೆ ಗ್ರೀನ್ ತಿಪ್ಪೆಯಾದದ್ದು ಯಾರದೂ ಅಲ್ಲ ಎಂದು ಎಲ್ಲರೂ ಕೈಬಿಟ್ಟಾಗ. ಬರಿಯ ಅಲಂಕಾರವಾಗಿ ಉಳಿದರೂ ಅದು ಮತ್ತೆ ಯಾರದೂ ಅಲ್ಲದ್ದೇ ಆಗುತ್ತದೆ. ನಾಳೆ ಯಾರೋ ಅದರ ಕೆಳಗೆ ಕಾರು ನಿಲ್ಲಿಸುವ ಯೋಜನೆ ತಂದರೆ ಬೇಡ ಎನ್ನಲು ಅಲ್ಲಿ ದಿನಾ ಕೂರುವ ಜನ ಇರಬೇಕಲ್ಲ? ಆದ್ದರಿಂದ ಪಾರ್ಕಿನಲ್ಲಿ ಸುಮ್ಮನೆ ಕೂರುವುದೂ ಒಂದು ಕೆಲಸವೇ ಎಂದು ತಿಳಿಯಿರಿ.

ಒಂದು ಭಾನುವಾರದ ನಡಿಗೆ

ಹೋಗುವ ಮನಸ್ಸಾಯಿತೇ? ಹಾಗಾದರೆ ಒಂದು ಭಾನುವಾರ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ ಇಳಿಯಿರಿ. ವೀರ್ ನರೀಮನ್ ರಸ್ತೆ ಹಿಡಿದು ಪೂರ್ವಕ್ಕೆ ನೇರ ನಡೆಯಿರಿ. ಎಡಕ್ಕೆ ಕ್ರಾಸ್ ಮೈದಾನ, ಬಲಕ್ಕೆ ಓವಲ್. ಕ್ರಿಕೆಟ್ ಚೆಂಡಿನಿಂದ ತಲೆ ತಪ್ಪಿಸಿಕೊಂಡು ಮುಂದೆ ಬಂದರೆ ಫ್ಲೋರಾ ಫೌಂಟನ್, ಅದರ ಪಕ್ಕದಲ್ಲೇ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಹುತಾತ್ಮರ ಸ್ಮಾರಕ. ಇನ್ನೂ ಮುಂದೆ ಹೋದರೆ ಸೇಂಟ್ ಥಾಮಸ್ ಚರ್ಚು, ಅದರಾಚೆ ಹಾರ್ನಿಮನ್ ಸರ್ಕಲ್. ಒಟ್ಟು ಕಾಲುಗಂಟೆಯ ನಡಿಗೆ. ಭೂಗತ ಮೆಟ್ರೋ 2025ರ ಅಕ್ಟೋಬರಿನಲ್ಲಿ ಕಫ್ ಪರೇಡಿನ ತನಕ ಬಂದ ಮೇಲೆ ಹುತಾತ್ಮ ಚೌಕದಲ್ಲೂ ಇಳಿಯಬಹುದು.

ತೋಟದೊಳಗೆ ಹೋಗಿ ಒಂದು ಬೆಂಚು ಹಿಡಿಯಿರಿ. ಬುತ್ತಿ ತಂದಿದ್ದರೆ ಕಾಗದವನ್ನು ಕಸದ ಬುಟ್ಟಿಗೇ ಹಾಕಿ. ಮಕ್ಕಳಿಗೆ ಎರಡೇ ಎರಡು ವಿಷಯ ಹೇಳಿ. ಈ ತೋಟಕ್ಕೆ ಯಾರ ಹೆಸರಿದೆ, ಏಕಿದೆ ಎಂಬುದು ಒಂದು. ತೋಟವಾಗುವ ಮುಂಚೆ ಇಲ್ಲಿ ರಾಶಿ ಬಿದ್ದಿದ್ದ ಹತ್ತಿಯಲ್ಲಿ ನಮ್ಮ ಊರ ಹೊಲದ್ದೂ ಇತ್ತು ಎಂಬುದು ಇನ್ನೊಂದು. ಮುಂಬೈ ನಮ್ಮನ್ನು ಸಾಕಿದೆ, ನಿಜ. ಮುಂಬೈಯನ್ನು ಕಟ್ಟಿದವರಲ್ಲಿ ನಾವೂ ಇದ್ದೇವೆ ಎಂಬುದನ್ನೂ ಮಕ್ಕಳು ತಿಳಿದಿರಲಿ.

ದೆಹಲಿ, ಪುಣೆ, ಚೆನ್ನೈ, ಹೈದರಾಬಾದಿನ ಕೇಳುಗರೇ, ನಿಮ್ಮ ಊರಿನ ನಡುವೆಯೂ ಇಂಥ ಒಂದು ತುಂಡು ಹಸಿರು ಇದ್ದೇ ಇರುತ್ತದೆ. ಅದು ಮೊದಲು ಏನಾಗಿತ್ತು, ಯಾರು ಉಳಿಸಿದರು, ಅದರಲ್ಲಿ ಕನ್ನಡಿಗರ ಪಾಲೇನು ಎಂದು ಹುಡುಕಿ ನಮಗೆ ಬರೆಯಿರಿ. ಒಳ್ಳೆಯ ಕಾಗದಗಳನ್ನು ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಖಂಡಿತ ಓದುತ್ತೇವೆ.